ಮನೆಯೊಳಗಿನ ಹಿಂಸೆಯಿಂದ ಹೊರಬರಲು: ಹಾಸನ ಜಿಲ್ಲೆಯಲ್ಲಿ ಯಾವ ಬಾಗಿಲು, ಯಾವ ಕಾಗದ

ಹಾಸನ ಜಿಲ್ಲೆಯ ಎಂಟು ತಾಲ್ಲೂಕುಗಳ ಪೈಕಿ ಯಾವುದರಲ್ಲೇ ಇರಲಿ, ಗಂಡನ ಅಥವಾ ಮನೆಯವರ ಹಿಂಸೆಯಿಂದ ಪಾರಾಗಲು ಬಯಸುವ ಮಹಿಳೆಗೆ ನೆರವು ನೀಡಬೇಕಾದ ಜಾಗಗಳು ಅಷ್ಟೇನೂ ದೂರದಲ್ಲಿಲ್ಲ. ಸರ್ಕಾರಿ ಆಸ್ಪತ್ರೆ, ಪೊಲೀಸ್ ಠಾಣೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿ, ತಾಲ್ಲೂಕಿನ ನ್ಯಾಯಾಲಯ, ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರ, ಇವೆಲ್ಲ ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರದಲ್ಲಿಯೇ ಇವೆ. ಆದರೆ ಇವು ಬೇರೆ ಬೇರೆ ಇಲಾಖೆಗಳಿಗೆ ಸೇರಿದ್ದು, ಆಸ್ಪತ್ರೆಯಲ್ಲಿ ಹೇಳಿಕೊಂಡದ್ದು ಠಾಣೆಗೆ ತಲುಪಿರುವುದಿಲ್ಲ, ಠಾಣೆಯಲ್ಲಿ ಬರೆದುಕೊಟ್ಟದ್ದು ನ್ಯಾಯಾಲಯಕ್ಕೆ ತಾನಾಗಿ ಹೋಗುವುದಿಲ್ಲ. ಆದ್ದರಿಂದ ಈ ಲೇಖನದ ಉದ್ದಕ್ಕೂ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಯಾವ ಬಾಗಿಲನ್ನು ಮೊದಲು ತಟ್ಟಿದರೂ ಸರಿಯೇ, ಅಲ್ಲಿಂದ ದಿನಾಂಕವಿರುವ ಒಂದು ಕಾಗದವನ್ನು ಪಡೆಯದೆ ಹೊರಗೆ ಬರಬೇಡಿ.

ಹಿಂಸೆ ಎಂದರೆ ಯಾವುದು, ಯಾರು ದೂರು ಕೊಡಬಹುದು

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯನ್ನು 2005ರಲ್ಲಿ ಸಂಸತ್ತು ಅಂಗೀಕರಿಸಿತು. ಅದು 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಹೊಡೆತ ಮಾತ್ರವೇ ಹಿಂಸೆ ಎಂಬ ತಿಳಿವಳಿಕೆಯನ್ನು ಈ ಕಾಯ್ದೆ ಒಪ್ಪುವುದಿಲ್ಲ. ಬಲವಂತದ ಲೈಂಗಿಕ ಸಂಪರ್ಕ, ಮಕ್ಕಳಾಗಲಿಲ್ಲವೆಂದೋ ಗಂಡುಮಗುವಾಗಲಿಲ್ಲವೆಂದೋ ಹೀಯಾಳಿಸುವುದು, ತವರಿನಿಂದ ಹಣ ತರುವಂತೆ ಪೀಡಿಸುವುದು, ದುಡಿದ ಕೂಲಿಯನ್ನು ಕಿತ್ತುಕೊಳ್ಳುವುದು, ಒಡವೆಯನ್ನು ಕೇಳದೆ ಗಿರವಿ ಇಡುವುದು, ಮನೆಖರ್ಚಿಗೆ ಕೊಡದಿರುವುದು, ಇವೆಲ್ಲವೂ ಅದರ 3ನೇ ಕಲಮಿನ ವ್ಯಾಪ್ತಿಯೊಳಗೆ ಬರುತ್ತವೆ. ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಹೆಂಡತಿಯ ಖಾತೆಗೆ ಬಂದರೂ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿಯೇ ಇರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಆ ಹಣವನ್ನು ಆಕೆಗೆ ಕೊಡದೆ ತಾನೇ ಬಳಸಿಕೊಳ್ಳುವುದು ಆರ್ಥಿಕ ದೌರ್ಜನ್ಯವೆಂದು ಅರ್ಜಿಯಲ್ಲಿ ಬರೆಯತಕ್ಕ ಸಂಗತಿ.

ಈ ಕಾಯ್ದೆಯಡಿ ಅರ್ಜಿ ಸಲ್ಲಿಸಲು ಹೆಂಡತಿಯೇ ಆಗಿರಬೇಕೆಂದಿಲ್ಲ. ಮಗನಿಂದ ಪೆಟ್ಟು ತಿನ್ನುವ ತಾಯಿ, ಅಣ್ಣಂದಿರ ಮನೆಯಲ್ಲಿ ಹಿಂಸೆ ಅನುಭವಿಸುವ ಅವಿವಾಹಿತ ತಂಗಿ, ಗಂಡ ತೀರಿಕೊಂಡ ಮೇಲೆ ಮೈದುನರು ಹೊರಗಟ್ಟಲು ನೋಡುತ್ತಿರುವ ಸೊಸೆ, ಮದುವೆಯಾಗದೆ ಗಂಡಹೆಂಡಿರಂತೆ ಬಾಳಿದವಳು, ಎಲ್ಲರಿಗೂ ಅವಕಾಶವಿದೆ. ಜಾತಿ ಧರ್ಮಗಳ ಭೇದವಿಲ್ಲ. ಎದುರು ಪಕ್ಷದವರು ಗಂಡಸರೇ ಆಗಿರಬೇಕೆಂಬ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ತೆಗೆದುಹಾಕಿದ್ದರಿಂದ ಅತ್ತೆ, ನಾದಿನಿಯರ ಮೇಲೂ ಅರ್ಜಿ ನಿಲ್ಲುತ್ತದೆ. ಮಕ್ಕಳ ಅನಾದರಕ್ಕೆ ಗುರಿಯಾದ ವೃದ್ಧ ತಾಯಂದಿರಿಗೆ ಇನ್ನೊಂದು ದಾರಿಯೂ ಇದೆ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅವರು ಹಾಸನ ಅಥವಾ ಸಕಲೇಶಪುರದ ಉಪವಿಭಾಗಾಧಿಕಾರಿಗಳ ಮುಂದೆ ಜೀವನಾಂಶ ಕೇಳಬಹುದು.

ಅಪಾಯ ಈಗಲೇ ಇದ್ದರೆ

112ಕ್ಕೆ ಕರೆ ಮಾಡಿ. ಫೋನಿನಲ್ಲಿ ಕರೆನ್ಸಿ ಇಲ್ಲದಿದ್ದರೂ ಈ ಕರೆ ಹೋಗುತ್ತದೆ. ಊರು, ಹತ್ತಿರದ ಗುರುತು, ಮನೆಯಲ್ಲಿ ಮಕ್ಕಳಿದ್ದಾರೆಯೇ, ಕತ್ತಿ ಕೊಡಲಿಯಂತಹ ಆಯುಧವಿದೆಯೇ ಎಂಬ ನಾಲ್ಕು ವಿಷಯಗಳನ್ನು ಮೊದಲು ಹೇಳಿ. ಕಥೆಯನ್ನು ಆಮೇಲೆ ಹೇಳಬಹುದು. ಗಾಯವಾಗಿದ್ದರೆ 108. ಮಾತನಾಡಿ ದಾರಿ ಕೇಳಬೇಕೆಂದಿದ್ದರೆ ಮಹಿಳಾ ಸಹಾಯವಾಣಿ 181 ಹಗಲಿರುಳೂ ತೆರೆದಿರುತ್ತದೆ. ಮಕ್ಕಳು ಅಪಾಯದಲ್ಲಿದ್ದರೆ 1098.

ಮಲೆನಾಡಿನ ಕಡೆಯವರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಕಾಡಾನೆಗಳ ಓಡಾಟವಿರುವುದರಿಂದ, ರಾತ್ರಿ ಮಗುವನ್ನೆತ್ತಿಕೊಂಡು ತೋಟದ ದಾರಿಯಲ್ಲಿ ನಡೆದು ಹೋಗುವುದು ಒಂದು ಅಪಾಯದಿಂದ ಇನ್ನೊಂದಕ್ಕೆ ಬೀಳುವುದೇ ಆದೀತು. ಲೈನ್ ಮನೆಯಲ್ಲಿ, ಅಂದರೆ ತೋಟದ ಮಾಲೀಕರು ಕೆಲಸಗಾರರಿಗೆ ಕೊಟ್ಟ ಸಾಲುಮನೆಯಲ್ಲಿ, ಇರುವವರು ರಾತ್ರಿಯ ಮಟ್ಟಿಗೆ ಪಕ್ಕದ ಯಾವ ಮನೆಯ ಬಾಗಿಲು ತೆರೆಯುತ್ತದೆ ಎಂಬುದನ್ನು ಹಗಲಿನಲ್ಲಿಯೇ ಗೊತ್ತುಮಾಡಿಕೊಂಡಿರುವುದು, ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂದು ನೋಡಿಟ್ಟುಕೊಂಡಿರುವುದು, ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಮೇಸ್ತ್ರಿಯ ಮನೆಯ ಹೆಂಗಸರಲ್ಲಿ ನಂಬಿಕೆಯಿದ್ದರೆ ಅವರಿಗೆ ತಿಳಿಸಿಟ್ಟಿರುವುದು ಒಳ್ಳೆಯದು. ಜಗಳ ಏರುತ್ತಿದ್ದರೆ ಅಡುಗೆಮನೆಗೂ ಬಚ್ಚಲಿಗೂ ಹೋಗಬೇಡಿ; ಒಂದರಲ್ಲಿ ಕತ್ತಿ, ಬೆಂಕಿ, ಸೀಮೆಎಣ್ಣೆ ಕೈಗೆ ಸಿಗುತ್ತವೆ, ಇನ್ನೊಂದಕ್ಕೆ ಹೊರಬಾಗಿಲಿರುವುದಿಲ್ಲ.

ಹೊರಡುವ ಮೊದಲು ಕೂಡಿಸಿಡಬೇಕಾದದ್ದು

ತಕ್ಷಣದ ಅಪಾಯವಿಲ್ಲದೆ ಯೋಚಿಸಲು ಸಮಯವಿರುವವರು ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಲಗ್ನಪತ್ರಿಕೆ ಅಥವಾ ಮದುವೆಯ ಫೋಟೊ, ಹಳೆಯ ಆಸ್ಪತ್ರೆ ಚೀಟಿಗಳು, ಇವುಗಳ ನಕಲನ್ನು ತವರಿನಲ್ಲೋ ನಂಬಿಕಸ್ಥ ಗೆಳತಿಯ ಬಳಿಯೋ ಇರಿಸಬೇಕು. ಮೂಲಪತ್ರ ಗಂಡನ ವಶದಲ್ಲಿದ್ದರೆ ಅದಕ್ಕಾಗಿ ಜೀವವನ್ನು ಪಣಕ್ಕಿಡಬೇಡಿ. ಅವನ್ನು ಹಿಂದಿರುಗಿಸುವಂತೆ ನ್ಯಾಯಾಲಯವೇ ಆದೇಶಿಸಬಹುದು. ಮದುವೆಯಲ್ಲಿ ತವರಿನವರು ಹಾಕಿದ ಒಡವೆ, ಪಾತ್ರೆ, ಬೀರುಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು, ಅವು ಕಾಣುವ ಮದುವೆ ಫೋಟೊಗಳನ್ನು ಅದರೊಂದಿಗೆ ಸೇರಿಸಿಟ್ಟರೆ ಸ್ತ್ರೀಧನವನ್ನು ಕೇಳುವಾಗ ಅರ್ಧ ಕೆಲಸ ಮುಗಿದಂತೆ.

ಫೋನಿನ ವಿಷಯದಲ್ಲಿ ಎಚ್ಚರ ಬೇಕು. ನಿಮ್ಮ ವಾಟ್ಸ್ಆ್ಯಪ್ ಇನ್ನೊಂದು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ತೆರೆದಿದೆಯೇ ಎಂದು ಅದರ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಲೊಕೇಶನ್ ಹಂಚಿಕೆ ಯಾರಿಗೆ ಹೋಗುತ್ತಿದೆ ಎಂದು ಪರೀಕ್ಷಿಸಿ. 181ಕ್ಕೆ ಮಾಡಿದ ಕರೆ ಪಟ್ಟಿಯಲ್ಲಿ ಉಳಿಯುತ್ತದೆಂಬುದನ್ನು ಮರೆಯದೆ ಅಳಿಸಿ, ಇಲ್ಲವೇ ಸ್ತ್ರೀಶಕ್ತಿ ಸಂಘದ ಗೆಳತಿಯ ಫೋನಿನಿಂದ ಮಾತನಾಡಿ. ಬೆದರಿಕೆಯ ಧ್ವನಿಸಂದೇಶಗಳನ್ನು ಮಾತ್ರ ಅಳಿಸಬೇಡಿ. ಅವನ್ನು ನಂಬಿಕೆಯ ಇನ್ನೊಬ್ಬರಿಗೆ ಕಳುಹಿಸಿಡಿ.

ಆಸ್ಪತ್ರೆ: ನಿಜ ಹೇಳಬೇಕಾದ ಮೊದಲ ಜಾಗ

ಗಾಯ ಸಣ್ಣದೆಂದು ಮನೆಯಲ್ಲೇ ಅರಿಶಿನ ಹಚ್ಚಿಕೊಂಡರೆ ಗಾಯ ವಾಸಿಯಾದೀತು, ಆದರೆ ಸಾಕ್ಷ್ಯವೂ ಅದರೊಂದಿಗೆ ಹೋಗುತ್ತದೆ. ತಾಲ್ಲೂಕು ಆಸ್ಪತ್ರೆಗೋ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಹಿಮ್ಸ್ ಆಸ್ಪತ್ರೆಗೋ ಹೋಗಿ, ಯಾರು, ಯಾವಾಗ, ಯಾವುದರಿಂದ ಹೊಡೆದರು ಎಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ಜೊತೆಗೆ ಬಂದ ಅತ್ತೆಯ ಮುಖ ನೋಡಿ “ಬಚ್ಚಲಲ್ಲಿ ಜಾರಿಬಿದ್ದೆ” ಎಂದು ಬರೆಸಿದ ಚೀಟಿಯನ್ನು ಮುಂದೆ ಎದುರು ಪಕ್ಷದ ವಕೀಲರು ನಿಮಗೆ ವಿರುದ್ಧವಾಗಿಯೇ ತೋರಿಸುತ್ತಾರೆ. ಜೊತೆಗಿರುವವರನ್ನು ಹೊರಗೆ ಕಳುಹಿಸುವಂತೆ ವೈದ್ಯರನ್ನೋ ನರ್ಸನ್ನೋ ಕೇಳಬಹುದು. ಪೊಲೀಸ್ ದೂರಾಗಲಿ, ಸಂರಕ್ಷಣಾಧಿಕಾರಿಯ (ಇವರ ಬಗ್ಗೆ ಮುಂದೆ ಹೇಳಿದೆ) ವರದಿಯಾಗಲಿ ಮೊದಲು ಇರಬೇಕೆಂದು ಹೇಳಿ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಎಂ.ಎಲ್.ಸಿ., ಅಂದರೆ ಪೊಲೀಸರಿಗೂ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ, ಎಂದು ದಾಖಲಿಸಿದ ಪ್ರಕರಣದ ಸಂಖ್ಯೆಯನ್ನು ಬರೆದುಕೊಳ್ಳಿ, ಒ.ಪಿ.ಡಿ. ಚೀಟಿಯನ್ನು ಜೋಪಾನ ಮಾಡಿ. ಬಾವು ಮತ್ತು ಕಪ್ಪುಗಟ್ಟಿದ ಗುರುತು ಮರುದಿನ ಹೆಚ್ಚು ಸ್ಪಷ್ಟವಾಗಿ ಕಾಣುವುದರಿಂದ ಎರಡು ಮೂರು ದಿನ ಫೋಟೊ ತೆಗೆದಿಡುವುದು ಒಳ್ಳೆಯದು.

ಸಖಿ ಕೇಂದ್ರ ಮತ್ತು ತಂಗುವ ವ್ಯವಸ್ಥೆ

ಸಖಿ ಒನ್ ಸ್ಟಾಪ್ ಸೆಂಟರ್ ಯೋಜನೆಯನ್ನು ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿತು. ಚಿಕಿತ್ಸೆ, ಆಪ್ತಸಮಾಲೋಚನೆ, ಪೊಲೀಸ್ ನೆರವು, ಕಾನೂನು ಸಲಹೆ, ತಾತ್ಕಾಲಿಕ ವಸತಿ, ಇವಿಷ್ಟೂ ಒಂದೇ ಸೂರಿನಡಿ ಸಿಗಬೇಕೆಂಬುದು ಅದರ ಉದ್ದೇಶ. ಹಾಸನದಲ್ಲಿ ಅದು ಎಲ್ಲಿದೆ, ಹೇಗೆ ಬರಬೇಕು ಎಂಬುದನ್ನು 181ರಲ್ಲಿ ಕೇಳಿದರೆ ತಿಳಿಸುತ್ತಾರೆ. ಸಖಿಯಲ್ಲಿ ಸಾಮಾನ್ಯವಾಗಿ ಐದು ದಿನಗಳವರೆಗೆ ಮಕ್ಕಳೊಂದಿಗೆ ತಂಗಬಹುದು; ಗಂಡುಮಕ್ಕಳಿಗೆ ವಯಸ್ಸಿನ ಮಿತಿಯಿರುವುದರಿಂದ ದೊಡ್ಡ ಮಗನಿದ್ದರೆ ಮೊದಲೇ ವಿಚಾರಿಸಿ. ಅದಕ್ಕಿಂತ ಹೆಚ್ಚು ಕಾಲ ಇರಬೇಕಾದವರನ್ನು ಶಕ್ತಿ ಸದನಕ್ಕೆ ಕಳುಹಿಸಲಾಗುತ್ತದೆ. ಹಿಂದೆ ಸ್ವಾಧಾರ ಗೃಹ ಎನ್ನುತ್ತಿದ್ದುದು ಇದನ್ನೇ. ತಾಲ್ಲೂಕಿನಲ್ಲಿ ಸಾಂತ್ವನ ಕೇಂದ್ರ ನಡೆಯುತ್ತಿದ್ದರೆ ಅಲ್ಲಿನ ಸಮಾಲೋಚಕಿಯರು ಅರ್ಜಿ ಬರೆಯುವುದಕ್ಕೂ ಜೊತೆಗೆ ಬರುವುದಕ್ಕೂ ಒದಗುತ್ತಾರೆ.

ಹಳ್ಳಿಯಿಂದ ಹಾಸನಕ್ಕೆ ಬರಲು ಕೈಯಲ್ಲಿ ಕಾಸಿಲ್ಲವೆಂಬ ತೊಡಕು 2023ರ ಜೂನ್ ನಂತರ ಸ್ವಲ್ಪ ಕಡಿಮೆಯಾಗಿದೆ. ಶಕ್ತಿ ಯೋಜನೆಯಡಿ ಸಾರಿಗೆ ಸಂಸ್ಥೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಗುರುತಿನ ಚೀಟಿ ಬೇಕಾಗುವುದರಿಂದಲೇ ಆಧಾರ್ ನಕಲನ್ನು ಹೊರಗಿರಿಸಿ ಎಂದು ಮೇಲೆ ಹೇಳಿದ್ದು.

ಠಾಣೆಯಲ್ಲಿ

ಗಂಡ ಅಥವಾ ಅವನ ಸಂಬಂಧಿಕರು ಹೆಂಡತಿಯ ಮೇಲೆ ನಡೆಸುವ ಕ್ರೌರ್ಯದ ಅಪರಾಧ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಡಿ ಬರುತ್ತದೆ. 2024ರ ಜುಲೈ 1ಕ್ಕಿಂತ ಮೊದಲು ಇದೇ ಭಾರತೀಯ ದಂಡ ಸಂಹಿತೆಯ 498ಎ ಆಗಿತ್ತು. ಶಿಕ್ಷೆ ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡ. ನಿಮ್ಮ ಊರಿನ ಠಾಣೆಗಾಗಲಿ, ಹಾಸನದ ಮಹಿಳಾ ಠಾಣೆಗಾಗಲಿ ಹೋಗಬಹುದು. ಹಿಂಸೆ ಮಂಗಳೂರಿನಲ್ಲಿ ನಡೆದು, ನೀವೀಗ ಚನ್ನರಾಯಪಟ್ಟಣದ ತವರಿನಲ್ಲಿದ್ದರೂ ಇಲ್ಲಿಯೇ ದೂರು ಕೊಡಬಹುದು. ಗಂಡನ ಮನೆಯಿಂದ ಹೊರಬಂದು ಆಶ್ರಯ ಪಡೆದ ಊರಿನಲ್ಲಿಯೂ ಕ್ರೌರ್ಯದ ಪ್ರಕರಣ ದಾಖಲಿಸಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ದೂರನ್ನು ಎರಡು ಪ್ರತಿ ಬರೆದು ಒಂದಕ್ಕೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಎಫ್.ಐ.ಆರ್. ಆದರೆ ಅದರ ಪ್ರತಿ ಉಚಿತ. ಠಾಣೆಯವರು ದಾಖಲಿಸಲು ಒಪ್ಪದಿದ್ದರೆ ಕಾರಣವನ್ನು ಬರೆದುಕೊಡುವ ಹಿಂಬರಹ ಕೇಳಿ, ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗುವ ಹಕ್ಕಿದೆ.

ದೂರು ಕೊಟ್ಟ ಸಂಜೆಯೇ ಗಂಡನ ಬಂಧನವಾಗುತ್ತದೆಂದು ಎಣಿಸಬೇಡಿ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಕಾರಣ ದಾಖಲಿಸದೆ ಬಂಧಿಸುವಂತಿಲ್ಲವೆಂಬ ನಿಯಮವಿದ್ದು, ಸಾಮಾನ್ಯವಾಗಿ ಮೊದಲು ನೋಟಿಸ್ ಹೋಗುತ್ತದೆ. ನೋಟಿಸ್ ತಲುಪಿದ ದಿನ ಮನೆಯಲ್ಲಿ ಸಿಟ್ಟು ಹೆಚ್ಚುವುದರಿಂದ ಆ ಹೊತ್ತಿಗೆ ನೀವು ಎಲ್ಲಿರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿರಬೇಕು.

ಸಂರಕ್ಷಣಾಧಿಕಾರಿ: ಹೆಚ್ಚಿನವರು ಹೋಗದ, ಆದರೆ ಹೋಗಲೇಬೇಕಾದ ಕಚೇರಿ

ಜನರಿಗೆ ಠಾಣೆ ಗೊತ್ತು, ನ್ಯಾಯಾಲಯ ಗೊತ್ತು. ಇವೆರಡರ ನಡುವೆ ಕಾನೂನು ನಿಲ್ಲಿಸಿರುವ ಸಂರಕ್ಷಣಾಧಿಕಾರಿಯನ್ನು ಮಾತ್ರ ಕೇಳುವವರಿಲ್ಲ. ಗಂಡನಿಗೆ ಜೈಲಾಗಲಿ ಎಂದಲ್ಲ, ಹೊಡೆತ ನಿಲ್ಲಲಿ, ಮಕ್ಕಳಿಗೆ ಅನ್ನ ಸಿಗಲಿ ಎಂದು ಬಯಸುವ ಮಹಿಳೆಗೆ ನನ್ನ ಅಭಿಪ್ರಾಯದಲ್ಲಿ ಠಾಣೆಗಿಂತ ಈ ಕಚೇರಿಯೇ ಹತ್ತಿರದ ದಾರಿ. ಈ ಹೊಣೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿದರೆ ನಿಮ್ಮ ಭಾಗಕ್ಕೆ ಸಂರಕ್ಷಣಾಧಿಕಾರಿ ಯಾರೆಂದು ಹೇಳುತ್ತಾರೆ. ಅಂಗನವಾಡಿ ಕಾರ್ಯಕರ್ತೆಗೆ ಆ ಕಚೇರಿ ಚೆನ್ನಾಗಿ ಗೊತ್ತು. ಅವರು ವರದಿ ಒಪ್ಪಿಸುವುದು ಅಲ್ಲಿಗೇ.

ಸಂರಕ್ಷಣಾಧಿಕಾರಿ ನಿಮ್ಮ ಮಾತು ಕೇಳಿ ಡಿ.ಐ.ಆರ್. ಎಂದು ಕರೆಯುವ ಕೌಟುಂಬಿಕ ಘಟನಾ ವರದಿಯನ್ನು ನಮೂನೆ 1ರಲ್ಲಿ ಬರೆಯುತ್ತಾರೆ. “ಗಂಡ ತುಂಬಾ ಹಿಂಸೆ ಕೊಡುತ್ತಾನೆ” ಎಂಬ ವಾಕ್ಯದಿಂದ ಅದರಲ್ಲಿ ಪ್ರಯೋಜನವಾಗುವುದಿಲ್ಲ. ಗೌರಿ ಹಬ್ಬದ ಹಿಂದಿನ ದಿನ ರಾತ್ರಿ ಊಟದ ಹೊತ್ತಿಗೆ ಬೆಲ್ಟಿನಿಂದ ಬೆನ್ನಿಗೆ ಹೊಡೆದದ್ದು, ಮಗು ಎಲ್ಲಿತ್ತು, ಬಿಡಿಸಿದವರು ಯಾರು, ಆಮೇಲೆ ಯಾವ ಆಸ್ಪತ್ರೆಗೆ ಹೋದದ್ದು ಎಂಬಂತೆ ಒಂದೊಂದು ಘಟನೆಯನ್ನೂ ಬಿಡಿಬಿಡಿಯಾಗಿ ಹೇಳಬೇಕು. ತಾರೀಖು ನೆನಪಿಗೆ ಬರದಿದ್ದರೆ ಹಬ್ಬ, ಜಾತ್ರೆ, ಕಾಫಿ ಕುಯ್ಲು, ಮಗುವಿನ ಪರೀಕ್ಷೆಯ ಜೊತೆಗಿಟ್ಟು ಹೇಳಿ. ಸುಳ್ಳು ತಾರೀಖು ಹೇಳುವುದಕ್ಕಿಂತ ಅದು ಎಷ್ಟೋ ಮೇಲು. ಲೈಂಗಿಕ ಹಿಂಸೆಯನ್ನು ಹೇಳಿಕೊಳ್ಳಲು ಸಂಕೋಚವಾದರೆ ಮಹಿಳಾ ಸಿಬ್ಬಂದಿಯ ಮುಂದೆ ಮಾತ್ರ ಹೇಳುತ್ತೇನೆಂದು ಕೇಳಿ, ಆದರೆ ಬಿಡಬೇಡಿ. ಮೊದಲ ವರದಿಯಲ್ಲಿ ಇಲ್ಲದ್ದು ಆಮೇಲೆ ಬಂದರೆ ಪ್ರಶ್ನೆಗಳು ಹೆಚ್ಚುತ್ತವೆ. ಬರೆದದ್ದನ್ನು ಓದಿಸಿ ಕೇಳಿದ ನಂತರವೇ ಸಹಿ ಹಾಕಿ, ಉಚಿತವಾಗಿ ಸಿಗುವ ಪ್ರತಿಯನ್ನು ಪಡೆಯಿರಿ. ನಮೂನೆ 5ರಲ್ಲಿ ಸುರಕ್ಷತಾ ಯೋಜನೆಯೊಂದನ್ನು ಬರೆಯುವುದೂ ಅವರ ಕೆಲಸ. ಅದನ್ನು ಕೇಳಿ ಮಾಡಿಸಿಕೊಳ್ಳಿ.

ನ್ಯಾಯಾಲಯದಲ್ಲಿ ಏನನ್ನು ಕೇಳಬೇಕು

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 12ನೇ ಕಲಮಿನ ಅರ್ಜಿಯನ್ನು (ಮುಂದೆ ಬರುವ ಕಲಮುಗಳೂ ಅದೇ ಕಾಯ್ದೆಯವು) ತಾಲ್ಲೂಕಿನ ಜೆ.ಎಂ.ಎಫ್.ಸಿ., ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ ಸಂರಕ್ಷಣಾಧಿಕಾರಿಯ ಮೂಲಕವೋ ವಕೀಲರ ಮೂಲಕವೋ ನೇರವಾಗಿ ನೀವೇ ಆಗಿಯೋ ಸಲ್ಲಿಸಬಹುದು. ನೀವು ತಾತ್ಕಾಲಿಕವಾಗಿ ವಾಸಿಸುತ್ತಿರುವ ಊರಿನ ನ್ಯಾಯಾಲಯಕ್ಕೂ ಅಧಿಕಾರವಿದೆ. ತಿಪಟೂರಿನ ಗಂಡನ ಮನೆಯಿಂದ ಅರಸೀಕೆರೆಯ ತವರಿಗೆ ಬಂದವರು ಅರಸೀಕೆರೆಯಲ್ಲಿಯೇ ಅರ್ಜಿ ಹಾಕಬಹುದು. ವಕೀಲರಿಗೆ ಹಣವಿಲ್ಲವೆಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯಬೇಕು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಯಲ್ಲಾಗಲಿ, ಹಾಸನದ ಜಿಲ್ಲಾ ಪ್ರಾಧಿಕಾರದಲ್ಲಾಗಲಿ ಒಂದು ಅರ್ಜಿ ಬರೆದುಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ನ್ಯಾಯಾಲಯ ಕೊಡಬಹುದಾದದ್ದು ಬಹಳವಿದೆ, ಆದರೆ ಬಾಯಿಬಿಟ್ಟು ಕೇಳಬೇಕು. 18ನೇ ಕಲಮಿನ ಸಂರಕ್ಷಣಾ ಆದೇಶದಲ್ಲಿ ಹಿಂಸೆ ನಿಲ್ಲಿಸುವುದರ ಜೊತೆಗೆ ನೀವು ಕೆಲಸ ಮಾಡುವ ಜಾಗಕ್ಕೂ ಮಕ್ಕಳ ಶಾಲೆಗೂ ಆತ ಬರದಂತೆ ತಡೆಯಬಹುದು. 19ನೇ ಕಲಮಿನಲ್ಲಿ ವಾಸದ ಆದೇಶವಿದೆ. ಮನೆ ಮಾವನ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಸೊಸೆಗೆ ಅಲ್ಲಿ ವಾಸದ ಹಕ್ಕಿಲ್ಲವೆನ್ನುವಂತಿಲ್ಲ. 2020ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ತೋಟದ ಲೈನ್ ಮನೆಯ ಸಂಗತಿ ಸ್ವಲ್ಪ ಬೇರೆ. ಅದು ಮಾಲೀಕರದು, ಕೆಲಸ ಬಿಟ್ಟರೆ ಮನೆಯೂ ಬಿಟ್ಟಂತೆ. ಹಾಗಾಗಿ ಲೈನ್ ಮನೆಯಲ್ಲಿದ್ದವರು ಅದೇ ಮನೆಗಾಗಿ ಹಟ ಹಿಡಿಯುವುದರ ಬದಲು ಬೇರೆ ವಸತಿಯನ್ನೋ ಅದರ ಬಾಡಿಗೆಯನ್ನೋ ಗಂಡನಿಂದ ಕೇಳುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ; 19ನೇ ಕಲಮಿನಲ್ಲಿಯೇ ಅದಕ್ಕೆ ಅವಕಾಶವಿದೆ. 20ನೇ ಕಲಮಿನಲ್ಲಿ ಜೀವನಾಂಶ, ಚಿಕಿತ್ಸಾ ವೆಚ್ಚ, ಕಳೆದುಹೋದ ಕೂಲಿ, 21ರಲ್ಲಿ ಮಕ್ಕಳ ತಾತ್ಕಾಲಿಕ ಸುಪರ್ದು, 22ರಲ್ಲಿ ಮಾನಸಿಕ ನೋವಿಗೆ ಪರಿಹಾರ ಬರುತ್ತವೆ. ತಿಂಗಳಿಗೆ ಇಷ್ಟು ಬೇಕೆಂದು ಒಂದು ಮೊತ್ತ ಬರೆಯುವುದಕ್ಕಿಂತ ಬಾಡಿಗೆ, ದಿನಸಿ, ಶಾಲೆ, ಔಷಧಿ ಎಂದು ಬಿಡಿಸಿ ಬರೆದ ಅರ್ಜಿಗೆ ತೂಕ ಹೆಚ್ಚು. ಗಂಡನ ಆದಾಯಕ್ಕೆ ಪುರಾವೆಯಾಗಿ ಪಹಣಿ, ಸಂಬಳ ಚೀಟಿ, ಹಾಲಿನ ಡೇರಿಯ ಲೆಕ್ಕದ ಪುಸ್ತಕ, ವಾಹನದ ದಾಖಲೆ ಯಾವುದಾದರೂ ಆದೀತು.

ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ, ಇತ್ಯರ್ಥ ಅರವತ್ತು ದಿನಗಳೊಳಗೆ ಆಗಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ಅದಕ್ಕಾಗಿಯೇ ಮೂಲ ಅರ್ಜಿಯ ಜೊತೆಗೆ 23ನೇ ಕಲಮಿನ ಮಧ್ಯಂತರ ಅರ್ಜಿಯನ್ನು ಮೊದಲ ದಿನವೇ ಸಲ್ಲಿಸುವಂತೆ ವಕೀಲರಿಗೆ ಒತ್ತಾಯಿಸಿ ಹೇಳಿ. ಅಪಾಯ ತುರ್ತಾಗಿದ್ದರೆ ಅಫಿಡವಿಟ್ ಆಧಾರದ ಮೇಲೆ ಎದುರು ಪಕ್ಷದವರನ್ನು ಕೇಳದೆಯೇ ಆದೇಶ ಕೊಡಬಹುದು. ಆದೇಶ ಸಮಾಧಾನಕರವಾಗಿಲ್ಲದಿದ್ದರೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು ಮೂವತ್ತು ದಿನಗಳ ಅವಧಿಯಿದೆ.

ಪಂಚಾಯ್ತಿಗೆ ಕರೆದರೆ

ನಮ್ಮ ಹಳ್ಳಿಗಳಲ್ಲಿ ಠಾಣೆಗಿಂತ ಮೊದಲು ಜಗುಲಿಯ ಮೇಲೆ ಪಂಚಾಯ್ತಿ ಕೂರುತ್ತದೆ. ಹಿರಿಯರ ಮಾತಿನಿಂದ ಕೆಲವು ಮನೆಗಳು ಸರಿಹೋಗಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ; ಆದರೆ ಹೊಡೆದವನಿಗೆ ಬುದ್ಧಿಮಾತು ಹೇಳಿ, ಹೊಡೆಸಿಕೊಂಡವಳಿಗೆ “ಹೊಂದ್ಕೊಂಡು ಹೋಗವ್ವ” ಎಂದು ಅದೇ ಸಂಜೆ ಅದೇ ಮನೆಗೆ ಕಳುಹಿಸುವ ಪಂಚಾಯ್ತಿಯಿಂದ ಅಪಾಯವೇ ಹೆಚ್ಚು. ಹೋಗಲೇಬೇಕಾದರೆ ನಿಮ್ಮ ಕಡೆಯವರು ಇಬ್ಬರಾದರೂ ಜೊತೆಗಿರಲಿ. ಖಾಲಿ ಕಾಗದಕ್ಕೆ, ಓದದ ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ, ಒಡವೆಯನ್ನು ಮಧ್ಯಸ್ಥರ ಕೈಗೆ ಕೊಡಬೇಡಿ. ಆತ ಮುಚ್ಚಳಿಕೆ ಬರೆದುಕೊಟ್ಟರೆ ಅದರ ಪ್ರತಿ ನಿಮ್ಮ ಬಳಿಯೂ ಇರಬೇಕು. ಹಿಂಸೆ ಮತ್ತೆ ನಡೆದರೆ, ಮೊದಲು ನಡೆದದ್ದನ್ನು ಆತ ಒಪ್ಪಿಕೊಂಡದ್ದಕ್ಕೆ ಅದೇ ಸಾಕ್ಷಿಯಾಗುತ್ತದೆ. ಪಂಚಾಯ್ತಿ ಆಗಿದೆ ಎಂಬ ಕಾರಣ ಕೊಟ್ಟು ಠಾಣೆಯವರಾಗಲಿ ಸಂರಕ್ಷಣಾಧಿಕಾರಿಯಾಗಲಿ ನಿಮ್ಮನ್ನು ಹಿಂದಕ್ಕೆ ಕಳುಹಿಸುವಂತಿಲ್ಲ.

ನ್ಯಾಯಾಲಯ ಕಳುಹಿಸುವ ಸಮಾಲೋಚನೆ ಇದಕ್ಕಿಂತ ಭಿನ್ನ. ಅಲ್ಲಿ “ಅವಳು ಎದುರು ಮಾತಾಡಿದಳು, ಅದಕ್ಕೆ ಹೊಡೆದೆ” ಎಂಬ ಸಮರ್ಥನೆಗೆ ನಿಯಮಗಳಲ್ಲಿಯೇ ಅವಕಾಶವಿಲ್ಲ. ಕುಡಿದಾಗ ಮಾತ್ರ ಹೊಡೆಯುತ್ತಾನೆ ಎಂಬ ಮಾತೂ ಅಷ್ಟೇ. ಕುಡಿತಕ್ಕೆ ಚಿಕಿತ್ಸೆ ಕೊಡಿಸಬಹುದು, ಆದರೆ ಸಂರಕ್ಷಣಾ ಆದೇಶವನ್ನು ಆ ಚಿಕಿತ್ಸೆ ಮುಗಿಯುವವರೆಗೆ ಮುಂದೂಡಬಾರದು.

ನೆರೆಯವರು, ಸಂಘದವರು ಮಾಡಬಹುದಾದದ್ದು

ಹಿಂಸೆ ನಡೆಯುತ್ತಿದೆಯೆಂದು ತಿಳಿದ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲದಂತೆ 4ನೇ ಕಲಮು ಕಾಪಾಡುತ್ತದೆ. ಆದರೆ ಆಕೆಗೆ ತಿಳಿಸದೆ ಹೆಜ್ಜೆಯಿಟ್ಟರೆ ಪೆಟ್ಟು ಬೀಳುವುದು ಆಕೆಗೇ ಆದ್ದರಿಂದ, ಜೀವಕ್ಕೆ ಅಪಾಯವಿದ್ದ ಹೊತ್ತನ್ನು ಬಿಟ್ಟರೆ, ಮೊದಲು ಆಕೆಯನ್ನು ಒಂಟಿಯಾಗಿರುವಾಗ ಕೇಳಬೇಕು. “ಅಕ್ಕ, ರಾತ್ರಿ ಎಷ್ಟೊತ್ತಾದ್ರೂ ನಮ್ಮನೆ ಬಾಗಿಲು ಬಡಿ” ಎಂಬುದು ಸಾಕು. ಯಾಕೆ ಇನ್ನೂ ಅಲ್ಲೇ ಇದ್ದೀಯ ಎಂದು ಕೇಳುವುದು ಬೇಡ. ಸ್ತ್ರೀಶಕ್ತಿ ಸಂಘಗಳು ಇದರಲ್ಲಿ ಬಹಳ ಮಾಡಬಹುದು. ವಾಯಿದೆಯ ದಿನ ಒಬ್ಬರು ನ್ಯಾಯಾಲಯಕ್ಕೆ ಜೊತೆಯಾಗುವುದು, ಇನ್ನೊಬ್ಬರು ಮಗುವನ್ನು ನೋಡಿಕೊಳ್ಳುವುದು, ಕಾಗದಗಳ ಕಂತೆಯೊಂದನ್ನು ಸಂಘದ ಪೆಟ್ಟಿಗೆಯಲ್ಲಿ ಇರಿಸಿಕೊಳ್ಳುವುದು ಅಂತಹ ಕೆಲಸಗಳು. ಆಕೆ ಅರ್ಜಿ ಹಿಂಪಡೆದು ಮರಳಿ ಹೋದರೂ ಸಿಟ್ಟಾಗಬೇಡಿ, ಕಂತೆಯನ್ನು ಎಸೆಯಬೇಡಿ, ಮತ್ತೆ ಬೇಕಾಗಬಹುದು. ನಿದ್ದೆಯಿಲ್ಲದೆ, ಬದುಕೇ ಬೇಡವೆನ್ನುವ ಸ್ಥಿತಿಯಲ್ಲಿರುವವರಿಗೆ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಆದೇಶ ಬಂದ ನಂತರ

ಆದೇಶದ ಪ್ರತಿ ನಿಮಗೂ ನಿಮ್ಮ ಠಾಣೆಗೂ ಉಚಿತವಾಗಿ ಸಿಗಬೇಕು. ಒಂದು ನಕಲನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೆ, ಕೆಲಸದ ಜಾಗದಲ್ಲಿ ಒಬ್ಬರಿಗೆ ಕೊಟ್ಟಿರಿ. ಮಗುವನ್ನು ಹೊಸ ಊರಿನ ಶಾಲೆಗೆ ಸೇರಿಸುವಾಗ ಟಿ.ಸಿ. ತಂದಿಲ್ಲವೆಂದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಪ್ರವೇಶವನ್ನು ನಿಲ್ಲಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಹಾಗೆಂದು ಹೇಳುತ್ತದೆ. ಬ್ಯಾಂಕಿಗೆ ಹೋಗಿ ಹಳೆಯ ಎಟಿಎಂ ಕಾರ್ಡನ್ನು ರದ್ದುಮಾಡಿಸಿ, ಖಾತೆಗೆ ನಿಮ್ಮದೇ ಮೊಬೈಲ್ ಸಂಖ್ಯೆಯನ್ನು ಜೋಡಿಸಿ.

ಸಂರಕ್ಷಣಾ ಆದೇಶವನ್ನು ಮೀರುವುದು ಪ್ರತ್ಯೇಕ ಅಪರಾಧ. ಅದಕ್ಕೆ ಒಂದು ವರ್ಷದವರೆಗೆ ಸೆರೆವಾಸ, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು, ಮತ್ತು ಅದು ಜಾಮೀನುರಹಿತ. ಆತ ಗೇಟಿನ ಬಳಿ ಬಂದು ಕೂಗಾಡಿದರೂ, ಬೇರೆಯವರ ಫೋನಿನಿಂದ ಬೆದರಿಸಿದರೂ, “ಈ ಸಲ ಬಿಟ್ಟುಬಿಡೋಣ” ಎನ್ನದೆ ದಿನಾಂಕ, ಹೊತ್ತು, ನೋಡಿದವರ ಹೆಸರನ್ನು ಬರೆದು, ಆದೇಶದ ನಕಲಿನೊಂದಿಗೆ ಅದೇ ದಿನ ಠಾಣೆಗೂ ಸಂರಕ್ಷಣಾಧಿಕಾರಿಗೂ ಕೊಟ್ಟು, ಎರಡೂ ಕಡೆ ಮೊಹರು ಹಾಕಿಸಿಕೊಂಡು ಬನ್ನಿ.